ತಗಾದೆ: ಒಂದು ಪದದ ಮೂಲ ಮತ್ತು ಅರ್ಥ

ಕೊಟ್ಟ ಹಣಕ್ಕಾಗಿ ಸಾಹುಕಾರನು ಸಾಲಗಾರನ ಬಾಗಿಲಿಗೆ ಮತ್ತೆ ಮತ್ತೆ ಬಂದು ನಿಲ್ಲುವುದಕ್ಕೆ ತಗಾದೆಯೆಂದು ಹೆಸರು. ಕಾಡುವುದು, ಪೀಡಿಸುವುದು, ಹಠ ಹಿಡಿಯುವುದು—ಇವೂ ಬಿಡದೆ ಕೇಳುವ ಬಗೆಗಳೇ ಅಹುದು. ಆದರೆ ಮಿಠಾಯಿಗಾಗಿ ರಚ್ಚೆ ಹಿಡಿದ ಮಗುವು ಮಾಡುವುದು ತಗಾದೆಯಲ್ಲ. ತನಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ಕೇಳಿದರೆ ಮಾತ್ರ ಅದು ತಗಾದೆ. ಈ ಭೇದವು ಪದದ ಮೂಲದಲ್ಲಿಯೇ ಅಡಗಿದೆ.

ಪದವು ಅರಬ್ಬಿಯದು. ಆ ಭಾಷೆಯಲ್ಲಿ ಸಾಮಾನ್ಯವಾಗಿ ಮೂರು ವ್ಯಂಜನಗಳು ಕೂಡಿ ಒಂದು ಧಾತುವಾಗುತ್ತದೆ. ಸ್ವರಗಳನ್ನು ಬದಲಿಸಿ, ಹಿಂದೆ ಮುಂದೆ ಅಕ್ಷರಗಳನ್ನು ಸೇರಿಸಿ ಅದರಿಂದ ಅನೇಕ ಪದಗಳನ್ನು ಕಟ್ಟುತ್ತಾರೆ. ತೀರ್ಮಾನಿಸು, ತೀರಿಸು ಎಂಬ ಅರ್ಥಗಳುಳ್ಳ ಒಂದೇ ಧಾತುವಿನಿಂದ ನ್ಯಾಯ ಹೇಳುವ ಖಾಜಿಯೂ ಹುಟ್ಟಿದನು, ಸಾಲ ತೀರಿಸೆಂದು ಕೇಳುವ ತಗಾದೆಯೂ ಹುಟ್ಟಿತು. ನಮ್ಮಲ್ಲಿಯೂ ಹಾಗೆಯೇ ಅಲ್ಲವೆ? ನ್ಯಾಯಾಧೀಶನ ‘ತೀರ್ಪು’, ಸಾಲ ‘ತೀರಿಸು’ವುದು, ಎರಡಕ್ಕೂ ‘ತೀರು’ ಎಂಬುದೇ ಮೂಲ. ಸಂಬಂಧವಿಲ್ಲದ ಎರಡು ಭಾಷೆಗಳು ಒಂದೇ ದಾರಿಯಲ್ಲಿ ಯೋಚಿಸಿರುವುದು ನನಗಂತೂ ಬಹಳ ಹಿಡಿಸಿದ ಸಂಗತಿ.

ಒಂದು ಸಂದೇಹ ಬರಬಹುದು: ಧಾತು ಒಂದೇ ಆಗಿದ್ದರೆ ಖಾಜಿಯಲ್ಲಿ ಜಕಾರವೂ ತಗಾದೆಯಲ್ಲಿ ದಕಾರವೂ ಏಕೆ? ಎರಡರಲ್ಲಿಯೂ ಇರುವುದು ಅರಬ್ಬಿಯ ‘ದಾದ್’ ಎಂಬ ಅಕ್ಷರ. ಅರಬರು ಅದನ್ನು ಭಾರವಾದ ದಕಾರದಂತೆ ನುಡಿದರೆ, ಪಾರಸಿಯವರು ಜಕಾರಕ್ಕೆ ಸಮೀಪವಾಗಿ ನುಡಿಯುತ್ತಾರೆ. ಅರಬರ ರಮದಾನ್ ನಮಗೆ ರಂಜಾನ್ ಆದದ್ದು ಹೀಗೆಯೇ. ಅರ್ಜಿಯ ಜಕಾರವೂ ಇದೇ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪಿತವಾದ ಮೇಲೆ ಪಾರಸಿಯು ನಮ್ಮ ನಾಡಿನ ಆಡಳಿತದಲ್ಲಿಯೂ ನೆಲೆಯೂರಿತು. ಈ ಲೆಕ್ಕದಲ್ಲಿ ನಾವು ‘ತಗಾಜೆ’ ಎನ್ನಬೇಕಾಗಿತ್ತು. ಹಿಂದಿಯಲ್ಲಿ ‘ತಕಾಜಾ’ ಉಂಟು. ಆದರೆ ಮರಾಠಿಯಲ್ಲಿರುವುದು ‘ತಗಾದಾ’. ಕನ್ನಡವು ನೆರೆಯವಳ ಪಕ್ಷ ವಹಿಸಿದೆ.

ಇತ್ತೀಚೆಗೆ ಪತ್ರಿಕೆಗಳಲ್ಲಿ ‘ಗಡಿ ತಗಾದೆ’, ‘ತಗಾದೆ ತೆಗೆದರು’ ಎಂಬ ಪ್ರಯೋಗಗಳೇ ಹೆಚ್ಚು. ಇಲ್ಲಿ ತಗಾದೆಯೆಂದರೆ ಜಗಳ. ಅರ್ಥಗಳು ಬದಲಾಗುವುದು ಸಹಜವೇ. ಆದರೂ ಇದರಲ್ಲಿ ಒಂದು ನಷ್ಟವುಂಟು. ತಿಂಗಳುಗಟ್ಟಲೆ ಕೂಲಿ ದೊರೆಯದ ಕೆಲಸಗಾರನು ತಗಾದೆ ಮಾಡಿದನೆಂದರೆ, ಹಳೆಯ ಅರ್ಥದಲ್ಲಿ ಆ ಮಾತು ಅವನ ಹಕ್ಕನ್ನು ಒಪ್ಪುತ್ತದೆ; ಹೊಸ ಅರ್ಥದಲ್ಲಿ ಅವನನ್ನೇ ಜಗಳಗಂಟನನ್ನಾಗಿ ಮಾಡುತ್ತದೆ. ಪದವು ಕೊಡಬೇಕಾದವನ ಕಿವಿಗೆ ಕೇಳಿಸಿದಂತೆ ಬದಲಾಗಿದೆಯೆಂದು ನನ್ನ ಊಹೆ. ಇದರ ಜೊತೆಗೇ ಬರುವ ‘ತಕರಾರು’ ಎಂಬುದೂ ಅರಬ್ಬಿಯಿಂದಲೇ ಬಂದದ್ದು. ಅಲ್ಲಿ ಅದರ ಅರ್ಥ ಜಗಳವಲ್ಲ, ಕೇವಲ ‘ಪುನರಾವರ್ತನೆ’.