ಜಪಾನಿನ ರಕ್ಷಣೆ: ಐದನೇ ಕಲಮು, ಆರನೇ ಕಲಮು

ಕಳೆದ ಸಲ ನಮ್ಮ ಅಭ್ಯಾಸ ಕೂಟದಲ್ಲಿ ಮಾತು ಜಪಾನಿನ ಕಡೆ ತಿರುಗಿದಾಗ ಗೆಳೆಯರೊಬ್ಬರು, "ಅವರಿಗೇನ್ರೀ, ಸೈನ್ಯದ ಖರ್ಚನ್ನೆಲ್ಲ ಅಮೆರಿಕದ ತಲೆಗೆ ಕಟ್ಟಿದರು, ತಾವು ರೇಡಿಯೋ, ಕಾರು ಮಾರಿ ಶ್ರೀಮಂತರಾದರು" ಅಂದರು. ಎಲ್ಲರೂ ನಕ್ಕೆವು. ಮಾತು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಉಳಿದರ್ಧ ಒಪ್ಪಂದದ ಪತ್ರದಲ್ಲೇ ಇದೆ. ಪದ್ಯವನ್ನು ಪದ ಪದ ಬಿಡಿಸಿ ಓದುವ ನಾವು ಇದನ್ನೂ ಹಾಗೇ ಓದಿದರೆ ಅದು ಕಾಣುತ್ತದೆ.

ಮೊದಲು ಸ್ವಲ್ಪ ಹಿನ್ನೆಲೆ. 1945ರಲ್ಲಿ ಸೋತು ಶರಣಾದ ಜಪಾನು ಜನರಲ್ ಮೆಕಾರ್ಥರನ ಆಡಳಿತಕ್ಕೆ ಸಿಕ್ಕಿತು. ಆ ಆಡಳಿತದ ಕೈಕೆಳಗೇ ಸಿದ್ಧವಾಗಿ 1947ರ ಮೇ 3ರಂದು ಜಾರಿಗೆ ಬಂದ ಸಂವಿಧಾನದ 9ನೆಯ ವಿಧಿ, ಜಪಾನೀ ಜನ ಯುದ್ಧವನ್ನು ಶಾಶ್ವತವಾಗಿ ತ್ಯಜಿಸಿದ್ದಾರೆ, ಭೂಸೇನೆ, ನೌಕಾಸೇನೆ, ವಾಯುಸೇನೆ ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ ಎನ್ನುತ್ತದೆ. ಮೂರೇ ವರ್ಷಕ್ಕೆ, 1950ರಲ್ಲಿ, ಕೊರಿಯಾ ಯುದ್ಧ ಬಂತು. ಜಪಾನಿನಲ್ಲಿದ್ದ ಅಮೆರಿಕನ್ ಪಡೆಗಳು ಅಲ್ಲಿಗೆ ಹೊರಟವು. ಆಯುಧ ಬೇಡ ಅಂದಿದ್ದವರೇ ಈಗ 75,000 ಜನರ ಮೀಸಲು ಪೊಲೀಸ್ ಪಡೆ ಕಟ್ಟಿ ಅಂದರು. ಅದೇ ಬೆಳೆದು 1954ರಲ್ಲಿ ಆತ್ಮರಕ್ಷಣಾ ಪಡೆಯಾಯಿತು. 'ಸೈನ್ಯ' ಅನ್ನುವ ಶಬ್ದವನ್ನು ಮಾತ್ರ ಹತ್ತಿರ ಸುಳಿಯಗೊಡಲಿಲ್ಲ!

1951ರ ಸೆಪ್ಟೆಂಬರ್ 8ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಒಂದೇ ದಿನ ಎರಡು ಸಹಿ ಬಿದ್ದವು. ಒಂದು ಶಾಂತಿ ಒಪ್ಪಂದಕ್ಕೆ, ಇನ್ನೊಂದು ಅಮೆರಿಕದೊಡನೆ ರಕ್ಷಣಾ ಒಪ್ಪಂದಕ್ಕೆ. ಎರಡನೆಯದಕ್ಕೆ ಜಪಾನಿನ ಪರವಾಗಿ ಪ್ರಧಾನಿ ಯೊಶಿದಾ ಶಿಗೆರು ಒಬ್ಬರೇ ಸಹಿ ಹಾಕಿದರು. ನಮ್ಮ ನೆಹರೂ ಸರ್ಕಾರ ಆ ಸಮ್ಮೇಳನಕ್ಕೆ ಹೋಗಲಿಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಜಪಾನು ಪೂರ್ಣ ಸ್ವತಂತ್ರವಾದ ಮೇಲೆ ಪರದೇಶದ ಪಡೆ ಬೇಕೋ ಬೇಡವೋ ತಾನೇ ನಿರ್ಧರಿಸಲಿ, ಒಕಿನಾವಾ ಇರುವ ರ್ಯುಕ್ಯು ದ್ವೀಪಗಳನ್ನು ಅದಕ್ಕೇ ಬಿಡಿ, ಇವು ನಮ್ಮ ಆಕ್ಷೇಪಗಳಲ್ಲಿ ಮುಖ್ಯವಾದವು. 1952ರ ಜೂನ್ 9ರಂದು ಭಾರತ ಪ್ರತ್ಯೇಕವಾಗಿ ಶಾಂತಿ ಒಪ್ಪಂದ ಮಾಡಿಕೊಂಡಿತು.

1951ರ ರಕ್ಷಣಾ ಒಪ್ಪಂದ ಓದಲು ವಿಚಿತ್ರವಾಗಿದೆ. ಅಮೆರಿಕ ತನ್ನ ಪಡೆಗಳನ್ನು ಜಪಾನಿನಲ್ಲಿ ಇಡಬಹುದು. ದಾಳಿಯಾದರೆ ಆ ಪಡೆಗಳನ್ನು ಬಳಸಬಹುದು. ಬಳಸಲೇಬೇಕೆಂದು ಎಲ್ಲೂ ಇಲ್ಲ. ಜಪಾನೀ ಸರ್ಕಾರ ಕೇಳಿಕೊಂಡರೆ ಒಳಗಿನ ದೊಡ್ಡ ಗಲಭೆ ಅಡಗಿಸುವುದಕ್ಕೂ ಬಳಸಬಹುದು. ಅಮೆರಿಕದ ಒಪ್ಪಿಗೆಯಿಲ್ಲದೆ ಜಪಾನು ಬೇರೆ ಯಾರಿಗೂ ನೆಲೆ ಕೊಡಕೂಡದು. ಅವಧಿ ಎಷ್ಟು ವರ್ಷ? ಹೇಳಿಲ್ಲ. ಕಾವಲುಗಾರ ಮನೆಯಲ್ಲೇ ಇರುತ್ತಾನೆ, ಕಳ್ಳ ಬಂದಾಗ ಏಳುವುದು ಬಿಡುವುದು ಅವನಿಷ್ಟ, ಮನೆಯವರೇ ಜಗಳಾಡಿದರೆ ಮಾತ್ರ ಕೋಲು ಹಿಡಿದು ಬರಬಹುದು ಎಂಬಂತಿದೆ.

ಇದನ್ನು ತಿದ್ದಲು ಹೊರಟವರು ಪ್ರಧಾನಿ ಕಿಶಿ ನೊಬುಸುಕೆ. 1960ರ ಜನವರಿ 19ರ ಹೊಸ ಒಪ್ಪಂದದಲ್ಲಿ ಗಲಭೆಯ ಮಾತು ಹೋಯಿತು. ಹತ್ತು ವರ್ಷದ ಮೇಲೆ ಯಾರು ಬೇಕಾದರೂ ಒಂದು ವರ್ಷದ ನೋಟೀಸು ಕೊಟ್ಟು ಬಿಡಬಹುದು ಅಂತ ಸೇರಿತು. ನಿಜವಾಗಿ ಅದು ಮೊದಲಿನದಕ್ಕಿಂತ ಒಳ್ಳೆಯದೇ. ಆದರೂ ಊರೆಲ್ಲ ಉರಿಯಿತು. ಮೇ 19ರ ರಾತ್ರಿ ಧರಣಿ ಕೂತ ವಿರೋಧ ಪಕ್ಷದವರನ್ನು ಪೊಲೀಸರಿಂದ ಹೊರಗೆ ಹೊರಿಸಿ ಕೆಳಮನೆಯಲ್ಲಿ ಮಂಜೂರಾತಿ ಪಡೆದ ರೀತಿ ಜನರನ್ನು ಕೆರಳಿಸಿತು. ಜೂನ್ 15ರಂದು ಸಂಸತ್ ಭವನದ ಬಳಿ ನಡೆದ ಘರ್ಷಣೆಯಲ್ಲಿ ತೋಕಿಯೋ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಕಾನ್ಬಾ ಮಿಚಿಕೋ ಸತ್ತಳು. ಅವಳಿಗೆ 22 ವರ್ಷ. ಅಧ್ಯಕ್ಷ ಐಸೆನ್‌ಹೋವರರ ಭೇಟಿ ರದ್ದಾಯಿತು, ಕಿಶಿ ರಾಜೀನಾಮೆ ಕೊಟ್ಟರು. ಒಪ್ಪಂದ ಮಾತ್ರ ಉಳಿಯಿತು, ಇವತ್ತಿಗೂ ಅದೇ ಇದೆ.

ಈಗ ಕಲಮುಗಳಿಗೆ ಬರೋಣ. ಐದನೆಯದು: ಜಪಾನಿನ ಆಡಳಿತಕ್ಕೆ ಒಳಪಟ್ಟ ಪ್ರದೇಶದಲ್ಲಿ ಯಾರ ಮೇಲೆ ದಾಳಿಯಾದರೂ ಇಬ್ಬರೂ ಎದುರಿಸುವುದು. ಆರನೆಯದು: ಜಪಾನಿನ ರಕ್ಷಣೆಗೂ 'ದೂರಪ್ರಾಚ್ಯ'ದ ಶಾಂತಿಗೂ ಅಮೆರಿಕಕ್ಕೆ ನೆಲೆ ಕೊಡುವುದು. ಅಮೆರಿಕದ ನೆಲ ಕಾಯಲು ಜಪಾನು ಹೋಗಬೇಕಾಗಿಲ್ಲ. ಬದಲಿಗೆ ಜಾಗ ಕೊಡಬೇಕು. ಐದನೆಯದು ಸರಕು, ಆರನೆಯದು ಬೆಲೆ. ರೊಕ್ಕದ ಲೆಕ್ಕವೂ ಇಲ್ಲದಿಲ್ಲ. 1978ರಿಂದ ನೆಲೆಗಳ ಖರ್ಚಿನಲ್ಲೂ ಜಪಾನು ಪಾಲು ಕೊಡುತ್ತಿದೆ. 2022ರಿಂದ ಐದು ವರ್ಷಕ್ಕೆ ಒಪ್ಪಿಕೊಂಡದ್ದು ಸುಮಾರು 1.05 ಲಕ್ಷ ಕೋಟಿ ಯೆನ್. 1976ರಲ್ಲಿ ರಾಷ್ಟ್ರೀಯ ಉತ್ಪನ್ನದ ನೂರಕ್ಕೆ ಒಂದು ಅಂತ ರಕ್ಷಣಾ ವೆಚ್ಚಕ್ಕೆ ಹಾಕಿಕೊಂಡಿದ್ದ ಗೆರೆಯೂ ಈಗಿಲ್ಲ. 2027ರ ಹೊತ್ತಿಗೆ ಎರಡಕ್ಕೆ ಏರಿಸುವುದೆಂದು 2022ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು.

ಆದರೆ ಜಾಗ ಯಾರದ್ದು? ಐದನೇ ಕಲಮಿನ 'ಜಪಾನಿನ ಆಡಳಿತಕ್ಕೆ ಒಳಪಟ್ಟ' ಅನ್ನುವ ಪದಗಳನ್ನು ಮತ್ತೊಮ್ಮೆ ಓದಿ. 1960ರಲ್ಲಿ ಒಕಿನಾವಾ ಇನ್ನೂ ಅಮೆರಿಕದ ಆಡಳಿತದಲ್ಲಿತ್ತು. ಜಪಾನಿಗೆ ಮರಳಿದ್ದು 1972ರ ಮೇ 15ರಂದು. ಅಂದರೆ ದ್ವೀಪದ ತುಂಬ ನೆಲೆ, ರಕ್ಷಣೆಯ ಕಲಮು ಮಾತ್ರ ಅದಕ್ಕೆ ಅನ್ವಯಿಸದು! ಒಪ್ಪಂದಕ್ಕೆ ಮಂಜೂರಾತಿ ಕೊಟ್ಟ ಸಂಸತ್ತಿನಲ್ಲಿ ಒಕಿನಾವಾದ ಒಬ್ಬ ಸದಸ್ಯನೂ ಇರಲಿಲ್ಲ. ಅವರಿಗೆ ಆ ಮತ ಸಿಕ್ಕಿದ್ದು 1970ರಲ್ಲಿ. 1950ರ ದಶಕದಲ್ಲಿ ರೈತರ ಹೊಲಗಳು ಬುಲ್ಡೋಜರಿಗೆ ಹೋದವು. ಆಮೇಲೆ ಅಲ್ಲಿನ ಕಾದೆನಾ ನೆಲೆಯಿಂದ ಬಿ-52 ವಿಮಾನಗಳು ವಿಯೆಟ್ನಾಮಿನ ಮೇಲೆ ಬಾಂಬು ಹಾಕಲು ಹೋಗಿಬಂದವು. ಇವತ್ತು ದೇಶದ ನೆಲದಲ್ಲಿ ಒಕಿನಾವಾದ ಪಾಲು ನೂರಕ್ಕೆ 0.6, ಅಮೆರಿಕನ್ ಪಡೆಗಳಿಗೇ ಮೀಸಲಾದ ನೆಲೆಗಳ ವಿಸ್ತೀರ್ಣದಲ್ಲಿ ಸುಮಾರು 70.

ಯೊಶಿದಾ ಮೂರ್ಖರೇನಲ್ಲ. ಸುಟ್ಟು ಬೂದಿಯಾದ ದೇಶಕ್ಕೆ ಮೊದಲು ಅನ್ನ, ಕಾರ್ಖಾನೆ ಬೇಕು, ಕಾವಲನ್ನು ಬೇರೆಯವರಿಗೆ ಒಪ್ಪಿಸೋಣ ಎಂದ ಅವರ ಲೆಕ್ಕ ಫಲ ಕೊಟ್ಟಿತು ಅಂತಲೇ ನನ್ನ ಅಭಿಪ್ರಾಯ. ಉತ್ತರ ಕೊರಿಯಾ, ಚೀನಾಗಳನ್ನು ನೋಡಿ ಇವತ್ತಿನ ಬಹುಪಾಲು ಜಪಾನೀಯರೂ ಒಪ್ಪಂದ ಇರಲಿ ಅನ್ನುತ್ತಾರೆ. ಆದರೆ ಇರಲಿ ಅನ್ನುವವರ ಮನೆ ಬೇರೆ ಕಡೆ, ವಿಮಾನ ಇಳಿಯುವುದು ಇನ್ನೊಬ್ಬರ ಹಿತ್ತಿಲಲ್ಲಿ.

ಒಂದು ಘಟನೆ ನಾವು ಕಾಲೇಜಿನವರು ತಿಳಿಯಬೇಕಾದದ್ದು. ಗಿನೋವಾನ್ ನಗರದ ನಟ್ಟನಡುವೆ ಫುತೆನ್ಮಾ ಎಂಬ ವಿಮಾನ ನೆಲೆ, ಪಕ್ಕದಲ್ಲೇ ಒಕಿನಾವಾ ಅಂತರರಾಷ್ಟ್ರೀಯ ವಿಶ್ವವಿದ್ಯಾಲಯ. 2004ರ ಆಗಸ್ಟ್ 13ರಂದು ಅಮೆರಿಕನ್ ಸೇನೆಯ ಹೆಲಿಕಾಪ್ಟರೊಂದು ಕಾಲೇಜಿನ ಕಟ್ಟಡಕ್ಕೆ ಬಡಿದು ಉರಿಯಿತು. ಬೇಸಿಗೆ ರಜೆ. ಸಿಬ್ಬಂದಿ ಮೂವರಿಗೆ ಗಾಯ, ಊರಿನವರಿಗೆ ಏನೂ ಆಗಲಿಲ್ಲ. ಅಮೆರಿಕನ್ ಸೈನಿಕರು ಬಂದು ಜಾಗ ಸುತ್ತುವರಿದರು. ಜಪಾನಿನ ಪೊಲೀಸರೇ ತಮ್ಮ ನೆಲದಲ್ಲಿ, ಕಾಲೇಜಿನ ಅಂಗಳದಲ್ಲಿ, ತನಿಖೆಗೆ ಒಳಗೆ ಹೋಗಲಾರದೆ ಹೊರಗೆ ನಿಂತರು.

ಫುತೆನ್ಮಾವನ್ನು ಐದರಿಂದ ಏಳು ವರ್ಷದೊಳಗೆ ಹಿಂತಿರುಗಿಸುತ್ತೇವೆಂದು 1996ರಲ್ಲೇ ಮಾತಾಗಿತ್ತು. ಬದಲಿ ನೆಲೆಗಾಗಿ ಅದೇ ದ್ವೀಪದ ಹೆನೊಕೋ ಎಂಬಲ್ಲಿ ಸಮುದ್ರ ತುಂಬಿಸುವ ಯೋಜನೆ ಬಂತು. 2019ರ ಫೆಬ್ರವರಿ 24ರಂದು ಒಕಿನಾವಾದ ಜನರನ್ನೇ ಕೇಳಿದರು. ಮತ ಹಾಕಿದವರಲ್ಲಿ ನೂರಕ್ಕೆ ಸುಮಾರು 72 ಜನ ಬೇಡ ಅಂದರು. ಮಣ್ಣು ಸುರಿಯುವ ಕೆಲಸ ನಿಲ್ಲಲಿಲ್ಲ.