ಸೀಗಿ ಹುಣ್ಣಿವಿ ಹೊತ್ತಿನ ಊಟ

ಸೀಗಿ ಹುಣ್ಣಿವಿ ಹತ್ತಿರ ಬಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಹಿಂಗಾರಿ ಜೋಳ ಬಿತ್ತುವ ಗಡಿಬಿಡಿ. ಹಗಲು ಬಿಸಿಲು ಚುರುಗುಟ್ಟುತ್ತದೆ, ನಸುಕಿನಲ್ಲಿ ತಂಪು. ಮಳೆಗಾಲದ ರಾಡಿ ನೀರು ಬಾವಿ, ಹಳ್ಳ ಸೇರಿರುತ್ತದೆ; ಕುದಿಸಿ ಆರಿಸಿಯೇ ಕುಡಿಯಿರಿ, ಹೊಲಕ್ಕೂ ಅದನ್ನೇ ಒಯ್ಯಿರಿ.

ಊಟಕ್ಕೆ ದೂರ ಹುಡುಕಬೇಕಿಲ್ಲ. ಬಿಸಿ ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಲೆ, ಮೆಂತ್ಯದ ಸೊಪ್ಪು, ಒಂದು ಚಮಚ ಅಗಸಿ ಹಿಂಡಿ. ಅಗಸಿಯಲ್ಲಿ ಒಮೆಗಾ-3 ಕೊಬ್ಬಿದೆ. ಹುರಿದು ಕುಟ್ಟಿದರೆ ಅದು ಮೈಗೆ ಹತ್ತುತ್ತದೆ, ಇಡಿ ಕಾಳು ಬಹುಪಾಲು ಹಾಗೇ ಹೊರಹೋಗುತ್ತದೆ.

ಇನ್ನು ನಮ್ಮ ಇಂಡಿ ಲಿಂಬೆ, ಭೌಗೋಳಿಕ ಸೂಚಕದ ಮನ್ನಣೆ ಪಡೆದ ಹಣ್ಣು! ಕಾಳು, ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಅದರ ಸಿ ಜೀವಸತ್ವ ನೆರವಾಗುತ್ತದೆ. ಒಲೆಯ ಮೇಲಿದ್ದಾಗ ಹಿಂಡಬೇಡಿ, ಕಾವಿಗೆ ಆ ಸತ್ವ ಕಳೆದುಹೋಗುತ್ತದೆ. ತಾಟಿಗೆ ಬಡಿಸಿಕೊಂಡ ಮೇಲೆ ಹಿಂಡಿಕೊಳ್ಳಿ. ಊಟದ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣಾಂಶ ಸರಿಯಾಗಿ ದಕ್ಕದು, ಒಂದು ತಾಸು ತಡೆಯಿರಿ. ಅವ್ವಂದಿರೇ, ಬೆಳೆಯುವ ಹೆಣ್ಣುಮಕ್ಕಳೇ, ಈ ಮಾತು ಎಲ್ಲರಿಗಿಂತ ನಿಮಗೇ ಹೆಚ್ಚು ಬೇಕಾದದ್ದು.

ಹುಣ್ಣಿವಿ ದಿನ ಚರಗ ಚೆಲ್ಲಿ, ಹೊಲದಲ್ಲಿ ಕೂತು ಕಡಬು ಉಣ್ಣುವಾಗ ಮಾತ್ರ ಮನಸಾರೆ ಉಣ್ಣಿ. ಸಕ್ಕರೆ ಕಾಯಿಲೆ ಇದ್ದವರು ಒಂದಕ್ಕೆ ನಿಲ್ಲಿಸಿ, ಬದುವಿನ ಮೇಲೆ ಒಂದು ಸುತ್ತು ನಡೆದು ಬನ್ನಿ.