ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ



ಮಡಿಯಿಂದ ಕಿತ್ತ ಮೆಣಸಿನ ಸಸಿಯನ್ನು ಹೊಲದಲ್ಲಿ ನೆಟ್ಟ ಮಾತ್ರಕ್ಕೆ ಬೆಳೆ ಕೈಸೇರುವುದಿಲ್ಲ. ಬೇರು ಹಿಡಿಯುವವರೆಗೆ ನೀರು ಬೇಕು, ನಿಗಾ ಬೇಕು. ಆಸ್ಪತ್ರೆಯಿಂದ ಮನೆಗೆ ಬಂದ ರೋಗಿಯೂ ಹಾಗೆಯೇ. ಕೊಳಗಲ್ಲಿನಿಂದ ಬಳ್ಳಾರಿಗೆ ಒಯ್ದು, ಗುಣವಾಯಿತೆಂದು ಕರೆತಂದವರನ್ನು ಹದಿನೈದು ದಿನದೊಳಗೆ ಮತ್ತೆ ಅಲ್ಲಿಗೇ ಸೇರಿಸಬೇಕಾದರೆ ಹಣವೂ ಹೋಯಿತು, ಕೆಲಸವೂ ಕೆಟ್ಟಿತು; ಒಮ್ಮೊಮ್ಮೆ ಜೀವಕ್ಕೇ ಅಪಾಯ.

ಇದು ಹಳ್ಳಿಗಳ ತೊಂದರೆ ಮಾತ್ರವಲ್ಲ. ಅಮೆರಿಕದಲ್ಲಿ ಸರ್ಕಾರಿ ವಿಮೆಯ ರೋಗಿಗಳಲ್ಲಿ ಸುಮಾರು ಐವರಿಗೊಬ್ಬರು 30 ದಿನದೊಳಗೆ ಆಸ್ಪತ್ರೆಗೆ ಮರಳುತ್ತಿದ್ದರೆಂದು 2009ರಲ್ಲಿ ತಿಳಿದುಬಂತು. ನಮ್ಮ ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ನೂರಾ ಹೆಲ್ತ್ ಸಂಸ್ಥೆಯವರು ರೋಗಿಯ ಮನೆಯವರಿಗೇ ಆರೈಕೆಯ ಪಾಠ ಹೇಳತೊಡಗಿದರು. ಈ ಕ್ರಮ ಮುಂದೆ ಸರ್ಕಾರಿ ಆಸ್ಪತ್ರೆಗಳಿಗೂ ಬಂತು.

ಎಲ್ಲ ಕಾಯಿಲೆಯ ಮರುಕಳಿಕೆಯೂ ನಮ್ಮ ಕೈಯಲ್ಲಿಲ್ಲ. ಆದರೆ ಕೆಲವನ್ನು ತಪ್ಪಿಸಬಹುದು.

1. ಮಾತ್ರೆ: ನೋವು ನಿಂತಿತೆಂದು ಮಾತ್ರೆ ಬಿಡಬಾರದು. ಮನೆಯಲ್ಲಿರುವ ಹಳೆಯ ಮಾತ್ರೆಗಳನ್ನು ವೈದ್ಯರಿಗೆ ತೋರಿಸದೆ ಹೊಸದರೊಡನೆ ನುಂಗಬಾರದು.

2. ಗಾಯ: ಹೊಲಿಗೆ ಹಾಕಿದ ಜಾಗ ಒಣಗಿರಬೇಕು. ಅರಿಶಿನ, ಸಗಣಿ, ಬೂದಿ ಹಚ್ಚಬಾರದು. ಕೆಂಪಾಗಿ ಕೀವು ಬಂದರೆ, ಜ್ವರ ಬಂದರೆ ತಡಮಾಡಬಾರದು.

3. ಊಟ: ಹೃದಯ ದುರ್ಬಲವಾದವರಿಗೆ ಉಪ್ಪಿನಕಾಯಿ, ಹಪ್ಪಳ ಬೇಡ. ಉಪ್ಪು ಹೆಚ್ಚಾದರೆ ಮೈಯಲ್ಲಿ ನೀರು ನಿಂತು ಕಾಲು ಬಾಯುತ್ತದೆ, ಉಸಿರು ಕಟ್ಟುತ್ತದೆ. ಎರಡು ಮೂರು ದಿನದಲ್ಲಿ ತೂಕ 2 ಕಿಲೋ ಏರಿದರೆ ವೈದ್ಯರಲ್ಲಿಗೆ ಹೋಗಬೇಕು.

4. ಬಾಣಂತಿ, ಮಗು: ರಕ್ತಸ್ರಾವ ಹೆಚ್ಚಾದರೆ, ಜ್ವರ ಬಂದರೆ, ಮಗು ಹಾಲು ಕುಡಿಯದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕೆಂದು ನಿಯಮವಿದೆ. ಅವರನ್ನು ಕೇಳಿ ತಿಳಿಯಿರಿ.

ಬಿಡುಗಡೆಯ ದಿನ ಒಬ್ಬರು ಗಾಡಿ ಹುಡುಕುತ್ತಾರೆ, ಇನ್ನೊಬ್ಬರು ಹಣ ಕಟ್ಟಲು ಓಡುತ್ತಾರೆ. ವೈದ್ಯರ ಮಾತು ಕೇಳುವವರೇ ಇರುವುದಿಲ್ಲ. ಆದ್ದರಿಂದ ಮನೆಯಲ್ಲಿ ಆರೈಕೆ ಮಾಡುವವರೇ, ಅದು ಹೆಂಡತಿಯಾಗಲಿ ಸೊಸೆಯಾಗಲಿ, ಆ ಹೊತ್ತು ಅಲ್ಲಿರಬೇಕು. ಯಾವ ಮಾತ್ರೆ ಯಾವಾಗ? ಏನು ಉಣ್ಣಬೇಕು? ಹೊಲದ ಕೆಲಸ ಎಂದಿನಿಂದ? ಯಾವ ಲಕ್ಷಣ ಕಂಡರೆ ಬರಬೇಕು? ಮತ್ತೆ ತೋರಿಸುವುದು ಯಾವ ದಿನ? ಈ ಐದನ್ನು ಕೇಳಿ, ಕೇಳಿದ್ದನ್ನು ವೈದ್ಯರೆದುರೇ ಒಮ್ಮೆ ಹೇಳಿ ತೋರಿಸಬೇಕು. ಬಿಡುಗಡೆ ಚೀಟಿಯನ್ನು ಪಹಣಿಯಂತೆ ಜೋಪಾನ ಮಾಡಬೇಕು. ಅಪಾಯ ಕಂಡರೆ 108ಕ್ಕೆ ಕರೆ ಮಾಡಿ.

ಕೂಡಿ ಚರ್ಚಿಸಿರಿ:
ನಿಮ್ಮ ಓಣಿಯಲ್ಲಿ ಈಚೆಗೆ ಆಸ್ಪತ್ರೆಯಿಂದ ಬಂದವರು ಯಾರು? ಅವರ ಚೀಟಿಯನ್ನು ಓದಿ ಹೇಳುವವರು ಮನೆಯಲ್ಲಿದ್ದಾರೆಯೇ? ಇಲ್ಲದಿದ್ದರೆ ಓದಿ ಹೇಳುವ ಹೊಣೆಯನ್ನು ಯಾರು ಹೊರುವಿರಿ?